ಎಲ್ಲಾ ಸೀಮೆಯ ಡಿಸ್ಕು ಓಡಿಸೋ ಪ್ಲೇಯರು

ಡಿವಿಡಿ ಡಬ್ಬಿಯ ಹಿಂಭಾಗ ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ಕೆಳಗೆ ಮೂಲೆಯಲ್ಲಿ ಒಂದು ಪುಟಾಣಿ ಭೂಗೋಳ, ಅದರೊಳಗೊಂದು ಅಂಕಿ. ನಮ್ಮ ಕಡೆ ಬಹಳ ಮಂದಿ ಅದನ್ನ ಗಮನಿಸಿರಲಿಕ್ಕಿಲ್ಲ. 2005ರ ತನಕ ನಾನೂ ಗಮನಿಸಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಆ ಒಂದು ಅಂಕಿಯ ಸಲುವಾಗಿ ಜಮಖಂಡಿ, ಬನಹಟ್ಟಿ, ಮುಧೋಳ ಅಂತ ಮೂರೂರು ಅಲೆದೆ. ಕಡೆಗೆ ಬೀಳಗಿಗೂ ಹೋದೆ, ಆದರೆ ಅದು ಬೇರೆ ಕಾರಣಕ್ಕೆ. ಎಲ್ಲಾ ಹೇಳ್ತೀನಿ.

ನಮ್ಮಕ್ಕ ಮದುವೆಯಾಗಿ ನ್ಯೂಜೆರ್ಸಿಯಲ್ಲಿದ್ದಳು. ಭಾವನವರು ಬೀಳಗಿ ತಾಲೂಕಿನವರು, ಸಾಫ್ಟ್‌ವೇರ್ ಕೆಲಸ. 2005ರ ಫೆಬ್ರುವರಿಯ ಒಂದು ರಾತ್ರಿ ಎದೆನೋವು ಅಂದವರು ಬೆಳಗಾಗೋದರೊಳಗೆ ಹೋಗಿಬಿಟ್ಟರು. ಮೂವತ್ತೇಳು ವರ್ಷ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯೋದಿಲ್ಲ. ಅಕ್ಕನದು ಹೆಚ್-4 ವೀಸಾ, ಅಂದರೆ ಗಂಡನ ವೀಸಾದ ಬಾಲಕ್ಕೆ ಕಟ್ಟಿದ ವೀಸಾ. ಗಂಡ ಇಲ್ಲ ಅಂದ ಮೇಲೆ ಅದೂ ಇಲ್ಲ. ಆಗೆಲ್ಲ ಆ ವೀಸಾದಲ್ಲಿ ಒಂದು ಸಣ್ಣ ಕೆಲಸ ಮಾಡೋದಕ್ಕೂ ಬಿಡ್ತಿರಲಿಲ್ಲ. ಮನೆ ಖಾಲಿ ಮಾಡಿ, ಪಾತ್ರೆ ಪಗಡ ಟಿವಿ ಎಲ್ಲ ಗೆಳತಿಯರಿಗೆ ಹಂಚಿ, ಏಪ್ರಿಲ್‌ನಲ್ಲಿ ಮಗಳನ್ನ ಕರಕೊಂಡು ಜಮಖಂಡಿಗೆ ಬಂದಳು.

ಮಗಳಿಗೆ ಐದು ವರ್ಷ. ಇಲ್ಲಿ ಅವಳನ್ನ ಪುಟ್ಟಿ ಅಂತ ಕರೀತೀನಿ. ಕನ್ನಡ ಪೂರ್ತಿ ತಿಳೀತಿತ್ತು, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮ ಏಪ್ರಿಲ್ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ... ಅಂಥದ್ದರಲ್ಲೂ ಅವಳು ತನ್ನ ಬೆನ್ನಿನ ಚೀಲ ಇಳಿಸೋಳಲ್ಲ. ಅದರೊಳಗೆ ಹನ್ನೊಂದು ಡಿವಿಡಿ ಡಬ್ಬಿ. ಅಲ್ಲಿ ಅಪ್ಪ ಆಫೀಸಿನಿಂದ ಬಂದಮೇಲೆ ದಿನಾ ಸಂಜೆ ಇಬ್ಬರೂ ಕೂತು ಯಾವುದಾದರೊಂದು ಹಾಕಿಕೊಂಡು ನೋಡುತ್ತಿದ್ದರಂತೆ. ಬಂದ ಮೂರನೇ ದಿನ ನನ್ನ ಹತ್ತಿರ ಬಂದು ಒಂದು ಡಬ್ಬಿ ಮುಂದೆ ಹಿಡಿದಳು. 'ಫೈಂಡಿಂಗ್ ನೀಮೋ.' ಆ ಸಿನಿಮಾ ನೋಡಿದವರಿಗೆ ಕಥೆ ಏನು ಅಂತ ಗೊತ್ತು, ನೋಡದವರಿಗೆ ನಾನು ಹೇಳೋದಿಲ್ಲ.

ನಮ್ಮ ಮನೆಯಲ್ಲಿ ಒಂದು ಹಳೇ ಕಲರ್ ಟಿವಿ ಮತ್ತು ಕೇಬಲ್ಲು, ಅಷ್ಟೇ. ಪಕ್ಕದ ಮನೆಯವರ ಹತ್ತಿರ ಹೊಸ ಡಿವಿಡಿ ಪ್ಲೇಯರಿತ್ತು. ಅಲ್ಲಿ ಹೋಗಿ ಹಾಕಿದೆವು. ಡಿಸ್ಕು ಗರಗರ ತಿರುಗಿತು, ನಿಂತಿತು, ಪರದೆ ಮೇಲೆ ಇಂಗ್ಲಿಷಿನಲ್ಲಿ 'ರಾಂಗ್ ರೀಜನ್' ಅಂತ ಬಂತು. ಪುಟ್ಟಿಗೆ ಆಗಿನ್ನೂ ಸಣ್ಣ ಸಣ್ಣ ಶಬ್ದ ಓದಲಿಕ್ಕೆ ಬರ್ತಿತ್ತು. 'ರಾಂಗ್' ಅನ್ನೋದನ್ನ ಓದಿಕೊಂಡಳು. ಡಿಸ್ಕು ಹೊರಗೆ ತೆಗೆಸಿ, ಫ್ರಾಕಿನ ತುದಿಯಿಂದ ಒರೆಸಿ, ಮತ್ತೆ ಹಾಕು ಅಂತ ಕೊಟ್ಟಳು. ಮತ್ತೂ ಅದೇ ಬಂತು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ.

ಈ ರೀಜನ್ ಅನ್ನೋದು ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. 1996ರ ಕೊನೆಗೆ ಜಪಾನಿನಲ್ಲಿ, 1997ರಲ್ಲಿ ಅಮೆರಿಕಾದಲ್ಲಿ ಡಿವಿಡಿ ಪ್ಲೇಯರುಗಳು ಮಾರಾಟಕ್ಕೆ ಬಂದವು. ಹಾಲಿವುಡ್ ಕಂಪನಿಗಳಿಗೆ ಒಂದು ಹೆದರಿಕೆ ಇತ್ತು. ಸಿನಿಮಾ ಮೊದಲು ಅಮೆರಿಕಾದಲ್ಲಿ ಬಿಡುಗಡೆ, ಉಳಿದ ದೇಶಗಳಿಗೆ ಅದು ಹೋಗೋದು ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಅಮೆರಿಕಾದ ಡಿಸ್ಕು ಅಲ್ಲಿಗೆ ಮುಟ್ಟಿಬಿಟ್ಟರೆ ಥಿಯೇಟರಿಗೆ ಯಾರು ಬರ್ತಾರೆ? ಒಂದೊಂದು ದೇಶದಲ್ಲಿ ಒಂದೊಂದು ರೇಟಿಗೆ ಮಾರೋದು ಹೇಗೆ? ಅದಕ್ಕೆ ಭೂಮಿಯನ್ನ ಹೋಳು ಮಾಡಿದರು. ಅಮೆರಿಕಾ, ಕೆನಡಾ 1. ಯುರೋಪು, ಜಪಾನು 2. ಆಗ್ನೇಯ ಏಷ್ಯಾ 3. ಆಸ್ಟ್ರೇಲಿಯಾ ಮತ್ತು ದಕ್ಷಿಣ ಅಮೆರಿಕಾ 4. ನಾವು, ಪಾಕಿಸ್ತಾನ, ರಷ್ಯಾ, ಆಫ್ರಿಕಾದ ಬಹುಪಾಲು ಎಲ್ಲ ಸೇರಿ 5. ಚೀನಾ 6. 7 ಮುಂದೆ ಬೇಕಾದೀತು ಅಂತ ಎತ್ತಿಟ್ಟದ್ದು. 8 ವಿಮಾನಕ್ಕೆ ಮತ್ತು ಹಡಗಿಗೆ! ಅಂದರೆ ನಮ್ಮಕ್ಕ, ಮಗಳು 1ರಲ್ಲಿ ಹತ್ತಿ, 8ರಲ್ಲಿ ಹಾರಿ, 5ರಲ್ಲಿ ಇಳಿದಿದ್ದರು. ಅವರ ಡಿಸ್ಕುಗಳು ಮಾತ್ರ ಇನ್ನೂ 1ರಲ್ಲೇ ಇದ್ದವು.

ಡಿಸ್ಕಿನೊಳಗೆ ಈ ಅಂಕಿ ಬರೆದಿರುತ್ತೆ, ಪ್ಲೇಯರಿನೊಳಗೂ ಬರೆದಿರುತ್ತೆ. ಎರಡೂ ತಾಳೆ ಆದರೆ ಸಿನಿಮಾ, ಇಲ್ಲದಿದ್ದರೆ 'ರಾಂಗ್'. ಡಿಸ್ಕು ಕೆಟ್ಟಿರೋದಿಲ್ಲ, ಪ್ಲೇಯರೂ ಕೆಟ್ಟಿರೋದಿಲ್ಲ. ಮಜಾ ಅಂದರೆ ನಮ್ಮ ಹಿಂದಿ ಸಿನಿಮಾಗಳ ಡಿವಿಡಿಗೆ ಬಹುತೇಕ ಈ ಬೀಗ ಇರ್ತಿರಲಿಲ್ಲ, ಯಾವ ದೇಶಕ್ಕೆ ಒಯ್ದರೂ ಓಡುತ್ತಿದ್ದವು. ನಮ್ಮ ಮಾಲು ಎಲ್ಲಾ ಕಡೆ ಹೋಗ್ತಿತ್ತು, ಅವರ ಮಾಲು ಇಲ್ಲಿಗೆ ಬಂದರೆ ಬಾಯಿ ಬಿಡ್ತಿರಲಿಲ್ಲ.

ಮರುದಿನ ಆ ನೀಮೋ ಡಿಸ್ಕನ್ನ ಕೈಯಲ್ಲೇ ಹಿಡಕೊಂಡು ಜಮಖಂಡಿ ಬಜಾರಿಗೆ ಹೋದೆ. (ಪುಟ್ಟಿ ಹತ್ತು ಸಲ ಹೇಳಿ, ಎಣಿಸಿ, ಕೊಟ್ಟು ಕಳಿಸಿದ್ದಳು.) ಅಂಗಡಿಯವರು ದೊಡ್ಡ ಕಂಪನಿಯ ಸೆಟ್ಟು ತೋರಿಸಿದರು. ನಾಲ್ಕು ಸಾವಿರದ ಇನ್ನೂರು ರೂಪಾಯಿ.

"ದೊಡ್ಡ ಕಂಪನಿ ಮಾಲ್ರಿ ಸರ, ಎಲ್ಲಾ ಓಡತಾವ."

"ಇದನ್ನೊಂದು ಹಚ್ಚಿ ತೋರಸ್ರಿ ಹಂಗಾದ್ರ."

ಹಚ್ಚಿದರು. ರಾಂಗ್. ಇನ್ನೊಂದು ಕಂಪನಿಯದಕ್ಕೆ ಹಚ್ಚಿದರು. ಅದು ಇನ್ನೂ ನಾಜೂಕಾಗಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿತು. ಅಂಗಡಿಯವರಿಗೇ ಆಶ್ಚರ್ಯ, ಪಾಪ. ಜಮಖಂಡಿಯಲ್ಲಿ ಅಮೆರಿಕಾದ ಡಿಸ್ಕು ಹಿಡಕೊಂಡು ಬಂದ ಗಿರಾಕಿ ಬಹುಶಃ ನಾನೇ ಮೊದಲು.

"ಈ ಡಿಸ್ಕ ಯಾಕ ಬೇಕ್ರಿ ಸರ? ಇದ ಸಿನಿಮಾ ಐವತ್ತ ರೂಪಾಯಿಗೆ ಹೊರಗ ಸಿಗತೈತಲ್ರಿ," ಅಂದರು.

ಅವರ ಮಾತೂ ನಿಜವೇ. ದುಡ್ಡು ಕೊಟ್ಟು ಕೊಂಡ ಅಸಲಿ ಡಿಸ್ಕು ಎಲ್ಲೂ ಓಡೋದಿಲ್ಲ, ನಕಲಿ ಮಾಡಿದ್ದು ಎಲ್ಲಾ ಪ್ಲೇಯರಿನಲ್ಲೂ ಓಡುತ್ತೆ. ಬೀಗ ಹಾಕಿದವರು ಇದನ್ನ ಯೋಚಿಸಿರಲಿಕ್ಕಿಲ್ಲ ಅಂತೀರಾ? ಯೋಚಿಸಿಯೇ ಇರ್ತಾರೆ. ನಾನು ಒಂದು ನಕಲಿಯನ್ನೂ ತಂದು ಪಕ್ಕದ ಮನೆಯಲ್ಲಿ ಹಾಕಿ ತೋರಿಸಿದೆ. ಪುಟ್ಟಿ ಎರಡು ನಿಮಿಷ ನೋಡಿದಳು. ಬಣ್ಣ ಮಾಸಿತ್ತು, ಮೀನುಗಳು ಹಿಂದಿ ಮಾತಾಡುತ್ತಿದ್ದವು. "ಇದು ನನ್ನದಲ್ಲ" ಅಂತ ಎದ್ದು ಹೋದಳು.

ಬನಹಟ್ಟಿಯಲ್ಲಿ ನನ್ನ ಗೆಳೆಯನೊಬ್ಬ ಡಿಟಿಪಿ ಸೆಂಟರ್ ಇಟ್ಟಿದ್ದ. ಲಗ್ನಪತ್ರಿಕೆ, ಕರಪತ್ರ, ಸೀರೆ ಅಂಗಡಿಯ ಬಿಲ್ ಪುಸ್ತಕ. ರಬಕವಿ-ಬನಹಟ್ಟಿ ಅಂದರೆ ಮಗ್ಗದ ಊರು, ಗೊತ್ತಲ್ಲ. ಬಸ್ಸಿಳಿದು ಓಣಿಗೆ ಕಾಲಿಟ್ಟರೆ ಮನೆಮನೆಯಿಂದ ಪವರ್‌ಲೂಮಿನ ಸಪ್ಪಳ. ಅಲ್ಲಿಯ ಜನ ಮಾತಾಡೋದೇ ಒಂದು ಸುತ್ತು ಜೋರಾಗಿ. ಗೆಳೆಯನೂ ಹಾಗೇ, ಕೂಗಿಕೊಂಡೇ ತನ್ನ ಕಂಪ್ಯೂಟರಿನ ಕಥೆ ಹೇಳಿದ. ಕಂಪ್ಯೂಟರಿನ ಡಿವಿಡಿ ಡ್ರೈವಿಗೂ ಇದೇ ಬೀಗ. ಆದರೆ ಅದರಲ್ಲಿ ಐದು ಸಲ ರೀಜನ್ ಬದಲಾಯಿಸಲಿಕ್ಕೆ ಬಿಡ್ತಾರೆ. ಐದನೇದಾದ ಮೇಲೆ ಯಾವುದಿದೆಯೋ ಅದೇ ಖಾಯಂ, ವಿಂಡೋಸ್ ಹೊಸದಾಗಿ ಹಾಕಿದರೂ ಎಣಿಕೆ ಹಿಂದಕ್ಕೆ ಬರೋದಿಲ್ಲ, ಯಾಕಂದ್ರೆ ಅದು ಡ್ರೈವಿನೊಳಗೇ ಕೂತಿರುತ್ತೆ. ಇವನು ನಾಲ್ಕು ಮುಗಿಸಿದ್ದ.

"ಒಂದ ಉಳದೈತಿ. ತಗೋ, ನಿನಗ ಬೇಕಾದ್ರ ಒಂದಕ್ಕ ಮಾಡಿಬಿಡ್ತೀನಿ. ನನಗೇನು, ನಾ ಸಿನಿಮಾ ನೋಡೋದು ಅಷ್ಟರಾಗ ಐತಿ."

ಬೇಡ ಅಂದೆ. ಅವನ ಕೊನೇದನ್ನ ತಗೊಳ್ಳಲಿಕ್ಕೆ ಮನಸ್ಸಾಗಲಿಲ್ಲ. ಅಲ್ಲದೆ ದಿನಾ ಸಂಜೆ ಪುಟ್ಟಿಯನ್ನ ಬನಹಟ್ಟಿಗೆ ಕರಕೊಂಡು ಬರೋಕಾಗುತ್ತಾ? ಅವನೇ ಒಂದು ಅಂಗಡಿಗೆ ಕರೆದೊಯ್ದ. ನೇಕಾರರಿಗೆ ವಾರದ ಕಂತಿನ ಮೇಲೆ ಪ್ಲೇಯರು ಮಾರೋ ಅಂಗಡಿ. ಹೆಸರು ಕೇಳಿರದ ಕಂಪನಿಗಳು, ಒಳಗೆಲ್ಲ ಚೀನಾ, ತೈವಾನಿನ ಸಾಮಾನು, ಮೇಲೆ ಸ್ಟಿಕ್ಕರು. ಕೃಷ್ಣ ಪಾರಿಜಾತದ ವಿಸಿಡಿ ಹಚ್ಚಿಟ್ಟಿದ್ದರು, ಗಿರಾಕಿಗಳಿಗಿಂತ ನೋಡಲಿಕ್ಕೆ ನಿಂತವರೇ ಹೆಚ್ಚು. ನೀಮೋ ಹಾಕಿದರೆ ಇಲ್ಲೂ ರಾಂಗ್. ಆದರೆ ಅಂಗಡಿಯವರು ಗಾಬರಿ ಆಗಲಿಲ್ಲ.

"ಇದಕ್ಕ ರಿಮೋಟನ್ಯಾಗ ಏನೋ ನಂಬರ ಹೊಡೀಬೇಕ್ರಿ. ನಮಗ ಗೊತ್ತಿಲ್ಲ. ಮುಧೋಳದಾಗ ಒಬ್ಬ ಮಾಸ್ತರ ಅದಾರ, ಅವ್ರು ಮಾಡ್ತಾರ. ಆಗ್ಲಿಲ್ಲಂದ್ರ ವಾಪಸ್ ತರ್ರಿ, ರೊಕ್ಕ ಕೊಡ್ತೀನಿ."

ಎರಡು ಸಾವಿರದ ನೂರು ರೂಪಾಯಿ ಕೊಟ್ಟು, ಡಬ್ಬಿ ಬಗಲಲ್ಲಿಟ್ಟುಕೊಂಡು ಮುಧೋಳದ ಬಸ್ಸು ಹತ್ತಿದೆ.

ಮುಧೋಳ ಅಂದರೆ ಹೊರಗಿನವರಿಗೆ ರನ್ನ ಕವಿ ಮತ್ತು ಬೇಟೆನಾಯಿ. ನನಗೆ ಮಾತ್ರ ಅವತ್ತಿನಿಂದ ಈ ಮಾಸ್ತರು. ಶಾಲೆ ಮಾಸ್ತರಲ್ಲ, ರೇಡಿಯೋ ರಿಪೇರಿ ಕಲಿಸುತ್ತಿದ್ದರಂತೆ, ಅದಕ್ಕೆ ಆ ಹೆಸರು. ಅರವತ್ತು ದಾಟಿತ್ತು. ಆರಡಿ ಅಂಗಡಿ, ಗೋಡೆ ತುಂಬ ಹಳೇ ರೇಡಿಯೋಗಳ ಹೊಟ್ಟೆ. ಹೇಳಿದ್ದೆಲ್ಲಾ ಕೇಳಿಕೊಂಡು, ಡಿಸ್ಕು ಮುಟ್ಟೋ ಮೊದಲು ಒಂದು ಪ್ರಶ್ನೆ ಕೇಳಿದರು.

"ನಿಮ್ಮ ಮನ್ಯಾಗ ಟಿವಿ ಯಾವ ಕಾಲದ್ದು?"

ಇಷ್ಟು ಅಂಗಡಿ ತಿರುಗಿದರೂ ಯಾರೂ ಕೇಳದೇ ಇದ್ದ ಪ್ರಶ್ನೆ. ಹತ್ತು ಹನ್ನೆರಡು ವರ್ಷದ್ದು ಅಂದೆ. ಹಂಗಾದ್ರ ಎರಡು ಬೀಗ ತೆಗೀಬೇಕು, ಒಂದಲ್ಲ ಅಂದರು. ಒಂದು ರೀಜನ್ನು, ಅದು ಕಂಪನಿಯವರು ಬೇಕಂತಲೇ ಹಾಕಿದ್ದು. ಎರಡನೇದನ್ನ ಯಾರೂ ಬೇಕಂತ ಹಾಕಿಲ್ಲ. ಅಮೆರಿಕಾದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅವರದು 525 ಗೆರೆ, ಸೆಕೆಂಡಿಗೆ ಅರವತ್ತು ಸಲ. ನಮ್ಮದು 625 ಗೆರೆ, ಐವತ್ತು ಸಲ. ಅವರ ಕರೆಂಟು ಅರವತ್ತು ಹರ್ಟ್ಜ್, ನಮ್ಮದು ಐವತ್ತು, ಅಲ್ಲಿಂದ ಹುಟ್ಟಿದ ಫರಕು. ಅಂಗಡಿಗಳಲ್ಲಿರೋ ಹೊಸ ಟಿವಿಗಳು ಎರಡನ್ನೂ ತಗೊಳ್ತವೆ. ಹಳೇ ಟಿವಿಗೆ ಕೊಟ್ಟರೆ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತೆ, ಚಿತ್ರ ಮೇಲಕ್ಕೆ ಉರುಳ್ತಾ ಇರುತ್ತೆ.

"ಅಂಗಡ್ಯಾಗ ಓಡಿತು ಅಂತ ಒಯ್ತಾರ್ರಿ, ಮನ್ಯಾಗ ಹಚ್ಚಿದ್ರ ಅಳ್ತಾರ."

ಆಮೇಲೆ ಮಾಡಿದ್ದು ನೋಡಿದರೆ ಏನೂ ಇಲ್ಲ. ಟ್ರೇ ಹೊರಗೆ ಬಿಟ್ಟು, ಸೆಟಪ್ ಒತ್ತಿ, ರಿಮೋಟಿನಲ್ಲಿ ಸಾಲಾಗಿ ಕೆಲವು ಅಂಕಿ ಒತ್ತಿದರು. ಪರದೆ ಮೇಲೆ ಯಾವ ಪುಸ್ತಕದಲ್ಲೂ ಹೇಳದ ಒಂದು ಪುಟ್ಟ ಮೆನು ಬಂತು. ಅದರಲ್ಲಿ 5 ಅಂತಿತ್ತು. ಬಾಣದ ಗುಂಡಿ ಒತ್ತುತ್ತಾ 0 ಮಾಡಿದರು. ಸೊನ್ನೆ ಅಂದರೆ ಎಲ್ಲಾ ಸೀಮೆಯೂ ಆಯಿತು ಅಂತ. ಆಮೇಲೆ ಟಿವಿ ಟೈಪು ಪಾಲ್ ಅಂತ ಮಾಡಿದರು. ಆಗ ಪ್ಲೇಯರೇ ಚಿತ್ರವನ್ನ ಪಾಲ್ ಮಾಡಿ ಕಳಿಸುತ್ತೆ, ಹಳೇ ಟಿವಿಗೆ ಏನೂ ಗೊತ್ತಾಗೋದಿಲ್ಲ. (ಅಂಕಿ ಯಾವುದು ಅಂತ ಕೇಳಬೇಡಿ, ಪ್ರತಿ ಮಾಡೆಲ್ಲಿಗೂ ಬೇರೆ ಬೇರೆ.) ದೊಡ್ಡ ಕಂಪನಿಯ ಕೆಲವು ಸೆಟ್ಟಿಗೂ ಇಂಥ ಗುಪ್ತ ಅಂಕಿ ಇರ್ತಿತ್ತಂತೆ. ಸಣ್ಣ ಕಂಪನಿಯವರಿಗೆ ಒಂದೇ ಮಾಲನ್ನ ನಾಲ್ಕು ದೇಶಕ್ಕೆ ಮಾರಬೇಕು, ಅದಕ್ಕೆ ಅವರು ಬೀಗ ಹಾಕಿದಂಗೆ ಮಾಡಿ ಕೀಲಿಕೈ ಚಿಲಕದ ಮೇಲೇ ಇಟ್ಟಿರುತ್ತಿದ್ದರು.

ನೀಮೋ ಹಾಕಿದರು. ಓಡಿತು! ಸಣ್ಣ ಅಂಗಡಿ ಪೂರ್ತಿ ನೀಲಿ ಬೆಳಕು. ಮಾಸ್ತರು ಐದು ನಿಮಿಷ ಮೀನು ನೋಡುತ್ತ ಕೂತರು. ಎಷ್ಟು ಕೊಡಲಿ ಅಂದರೆ "ಹತ್ ರೂಪಾಯಿ ಕೊಡ್ರಿ, ಚಾ ಕುಡೀತೀನಿ" ಅಂದರು. ಒಂದು ಸಿಗರೇಟು ಪಾಕೀಟಿನ ಹಿಂದೆ ಅಂಕಿ ಬರೆದುಕೊಟ್ಟು, "ಯಾವುದರ ಒಂದ್ ಡಿಸ್ಕ ತಕರಾರ ಮಾಡಿದ್ರ ಸೊನ್ನಿ ತಗದ ಒಂದ ಮಾಡ್ರಿ" ಅಂತಲೂ ಹೇಳಿದರು. ಅದೇಕೆ ಅಂತ ಆಗ ತಿಳೀಲಿಲ್ಲ.

ಆಮೇಲೆ ತಿಳೀತು. ಮನೆಗೆ ಬಂದು ಒಂದೊಂದಾಗಿ ಹಾಕಿದಾಗ ಒಂಬತ್ತು ಡಿಸ್ಕು ಸುಮ್ಮನೆ ಓಡಿದವು. ಹತ್ತನೇದು ಮಾತ್ರ ಭೂಪಟ ತೋರಿಸಿ, ನಿಮ್ಮ ಪ್ಲೇಯರು ಸರಿಯಿಲ್ಲ ಅಂತ ನಿಂತುಬಿಟ್ಟಿತು. ಜನ ಸೊನ್ನೆ ಮಾಡಿಕೊಳ್ತಿದ್ದಾರೆ ಅಂತ ಗೊತ್ತಾಗಿ 2000ದಿಂದ ಕೆಲವು ಕಂಪನಿಗಳು ಡಿಸ್ಕಿನೊಳಗೇ ಇನ್ನೊಂದು ಕಾವಲು ಇಟ್ಟಿದ್ದವು. ಡಿಸ್ಕು ಪ್ಲೇಯರನ್ನ 'ನೀನು ಯಾವ ಸೀಮೆಯವನು?' ಅಂತ ಕೇಳೋದು. 'ಎಲ್ಲಾ ನಂದೇ' ಅಂದರೆ ಕೆಲಸ ಬಂದ್. ಚೀಟಿ ನೋಡಿ ಸೊನ್ನೆಯನ್ನ ಒಂದು ಮಾಡಿದೆ, ತೆಪ್ಪಗೆ ಓಡಿತು. ಪುಟ್ಟಿ ಆ ಹೊತ್ತಿಗೆ ಮೂರನೇ ಸಿನಿಮಾದ ಮಧ್ಯೆ ಇದ್ದವಳು, ನಾನು ಅವಳ ಡಿಸ್ಕು ತೆಗೆದು ಪರೀಕ್ಷೆ ಮಾಡ್ತಿದ್ದೀನಿ ಅಂತ ಸಿಟ್ಟಾಗಿದ್ದಳು. ಅವತ್ತು ನಮ್ಮವ್ವ ತಟ್ಟೆ ಅವಳ ಮುಂದೆ ತಂದಿಟ್ಟಳು. ಪರದೆಯಿಂದ ಕಣ್ಣು ತೆಗೀದೇನೆ ಒಂದೂವರೆ ರೊಟ್ಟಿ ತಿಂದಳು.

ಹನ್ನೊಂದನೇ ಡಬ್ಬಿಯಲ್ಲಿ ಸಿನಿಮಾ ಇರಲಿಲ್ಲ. ಬಿಳೀ ಡಿಸ್ಕು, ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ತಾರೀಖು, ಭಾವನ ಅಕ್ಷರ. ಪುಟ್ಟಿಯ ನಾಲ್ಕನೇ ಹುಟ್ಟುಹಬ್ಬ. ಅಕ್ಕನೇ ಆ ಡಬ್ಬಿಯೊಳಗೆ ಇಟ್ಟುಕೊಂಡು ಬಂದಿದ್ದಳು, ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿಗೆ ರೀಜನ್ ಬೀಗ ಇರೋದಿಲ್ಲ. ಅದಕ್ಕಿದ್ದದ್ದು ಎರಡನೇ ತೊಡಕು ಮಾತ್ರ, ಎನ್‌ಟಿಎಸ್‌ಸಿ. ಮಾಸ್ತರು ಅದನ್ನೂ ಬಿಡಿಸಿ ಕಳಿಸಿದ್ದರು. ಆದರೆ ಜಮಖಂಡಿಯಲ್ಲಿ ಅದನ್ನ ನಾವು ಹಾಕಲಿಲ್ಲ. ಅಕ್ಕ, "ಮೊದಲ ಅವ್ರು ನೋಡ್ಲಿ" ಅಂದಳು.

ಅವರು ಅಂದರೆ ಭಾವನ ಅಪ್ಪ ಅವ್ವ. ಬೀಳಗಿ ತಾಲೂಕಿನ ಅವರ ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿತ್ತು. ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆ, ಅದರಲ್ಲಿ ಇಬ್ಬರೇ. ಮಗನ ಮುಖ ನೋಡಿ ಮೂರು ವರ್ಷ ಆಗಿತ್ತು, ಕೊನೆಗೆ ನೋಡಿದ್ದು ಪೆಟ್ಟಿಗೆಯಲ್ಲಿ ಬಂದಾಗ. ಮೇ ತಿಂಗಳಲ್ಲಿ ಪುಟ್ಟಿಯನ್ನ ಹದಿನೈದು ದಿನ ಅಲ್ಲಿ ಬಿಡೋದು ಅಂತಾಯ್ತು. ಪ್ಲೇಯರನ್ನ ಹಳೇ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ಪುಟ್ಟಿ ತನ್ನ ಚೀಲ ತೊಡೆ ಮೇಲಿಟ್ಟುಕೊಂಡಿದ್ದಳು.

ಅಲ್ಲಿ ಹದಿನಾಲ್ಕು ಇಂಚಿನ ಒಂದು ಟಿವಿ. ಸಂಜೆ ಊಟ ಆದಮೇಲೆ ಹಚ್ಚಿದೆ. ಹುಟ್ಟುಹಬ್ಬದ ವಿಡಿಯೋ ಹೇಗಿರುತ್ತೆ ನಿಮಗೇ ಗೊತ್ತು. ಬಲೂನು, ಕೇಕು, ಯಾರದೋ ಮಕ್ಕಳು. ಕ್ಯಾಮೆರಾ ಹಿಡಿದವರು ಭಾವ, ಹಾಗಾಗಿ ಭಾವ ಕಾಣೋದೇ ಇಲ್ಲ. ದನಿ ಮಾತ್ರ ಇದೆ. "ಊದ ಪುಟ್ಟಿ, ಊದ, ಜೋರಾಗಿ ಊದ." ಅಮೆರಿಕಾದಲ್ಲಿ ಎಂಟು ವರ್ಷ ಇದ್ದರೂ ಬೀಳಗಿಯ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಕೊನೆಗೆ ಯಾರೋ ಕ್ಯಾಮೆರಾ ಇಸಕೊಂಡಿದ್ದಾರೆ, ಏಳೆಂಟು ಸೆಕೆಂಡು ಭಾವ ಕಾಣ್ತಾರೆ, ಬಾಯಿ ತುಂಬ ಕೇಕು, ಕೈ ಅಡ್ಡ ಹಿಡಿದು ನಗ್ತಾ. ಅಲ್ಲಿಗೆ ಮುಗೀತು.

ಮುದುಕರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ತಮ್ಮಾ, ಇನ್ನೊಮ್ಮೆ ಹಚ್ಚಪಾ" ಅಂದರು. ಅವರ ಹೆಂಡತಿ ಟಿವಿ ಮುಂದೆ ಬಂದು ಕೂಡಲೇ ಇಲ್ಲ. ಅಡಿಗೆಮನೆ ಬಾಗಿಲಿಗೆ ಬೆನ್ನು ಹಚ್ಚಿ, ಆ ಕಡೆ ಮುಖ ಮಾಡಿ ಕೂತು ಕೇಳ್ತಿದ್ದರು. ಮೂರನೇ ಸಲ ಹಚ್ಚಿದಾಗ ಅರ್ಧಕ್ಕೆ ಕರೆಂಟು ಹೋಯ್ತು. ಕತ್ತಲಲ್ಲಿ ಯಾರೂ ಏಳಲಿಲ್ಲ, ದೀಪ ಹಚ್ಚಿರಿ ಅಂತಲೂ ಯಾರೂ ಅನ್ನಲಿಲ್ಲ. ಪುಟ್ಟಿ ಮಾತ್ರ ಅಜ್ಜನ ಮಗ್ಗುಲಲ್ಲಿ ಕೂತು, ಮುಂದೇನಾಗುತ್ತೆ ಅನ್ನೋದನ್ನ ಅವರಿಗೆ ಹೇಳತೊಡಗಿದಳು. ಕನ್ನಡದಲ್ಲಿ. ಮೊದಲು ಯಾರು ಬಂದರು, ಕೇಕು ಯಾವ ಬಣ್ಣ, ಅಪ್ಪ ಏನಂದ.

ಪ್ಲೇಯರನ್ನ ಅಲ್ಲೇ ಬಿಟ್ಟು ಬಂದೆ. ಪುಟ್ಟಿ ಜೂನ್‌ನಲ್ಲಿ ಶಾಲೆಗೆ ಜಮಖಂಡಿಗೆ ಬರುವಾಗ ಅದೂ ಬಂತು. ಮುಂದೆ ಎಷ್ಟೋ ವರ್ಷ ರಜೆ ಬಂದಾಗಲೆಲ್ಲ ಅವಳ ಜೊತೆ ಬಸ್ಸಿನಲ್ಲಿ ಓಡಾಡಿತು.

2007ರಲ್ಲಿ ಮೋಸರ್ ಬೇಯರ್ ಕಂಪನಿ 34 ರೂಪಾಯಿಗೆ ಡಿವಿಡಿ ಮಾರಲಿಕ್ಕೆ ಶುರು ಮಾಡಿದಾಗ ನಮ್ಮ ಬಜಾರಿನಲ್ಲೂ ಡಿಸ್ಕುಗಳ ಸುಗ್ಗಿ. ಆಮೇಲೆ ಆ ಕಂಪನಿಯೂ ಮುಳುಗಿತು ಬಿಡಿ. 2009ರ ಮಾರ್ಚ್‌ನಲ್ಲಿ ಒಂದು ಸುದ್ದಿ ಓದಿ ಒಬ್ಬನೇ ಕೂತು ನಕ್ಕಿದ್ದೆ. ಅಮೆರಿಕಾದ ಅಧ್ಯಕ್ಷ ಒಬಾಮಾ, ಬ್ರಿಟನ್ನಿನ ಪ್ರಧಾನಿ ಗೋರ್ಡನ್ ಬ್ರೌನ್‌ಗೆ 25 ಹಾಲಿವುಡ್ ಸಿನಿಮಾಗಳ ಡಿವಿಡಿ ಉಡುಗೊರೆ ಕೊಟ್ಟಿದ್ದರು. ಬ್ರೌನ್ ಮನೆಯಲ್ಲಿ ಹಾಕಿದರೆ 'ರಾಂಗ್ ರೀಜನ್' ಅಂತ ಬಂತು ಅಂತ ಪತ್ರಿಕೆಗಳು ಬರೆದಿದ್ದವು. ಅವರಿಗೆ ಮುಧೋಳದ ಮಾಸ್ತರು ಸಿಕ್ಕಿರಲಿಲ್ಲ!

ನಮ್ಮ ಪ್ಲೇಯರಿನ ಲೆನ್ಸು 2012ರಲ್ಲಿ ಹೋಯ್ತು. ಮುಧೋಳಕ್ಕೆ ಒಯ್ದರೆ ಅದೇ ಆರಡಿ ಅಂಗಡಿಯಲ್ಲಿ ಮಾಸ್ತರ ಮಗ ಮೊಬೈಲ್ ರಿಪೇರಿಗೆ ಕೂತಿದ್ದ. ಅಪ್ಪ ಹೋಗಿ ಎರಡು ವರ್ಷ ಆಯ್ತು ಅಂದ. ಲೆನ್ಸು ಈಗ ಸಿಗೋದಿಲ್ಲ, ಸಿಕ್ಕರೂ ಹೊಸ ಪ್ಲೇಯರಿನಷ್ಟೇ ಆಗುತ್ತೆ ಅಂತಲೂ ಅಂದ.

ಬಿಳೀ ಡಿಸ್ಕನ್ನ ನಾನು ಅಷ್ಟರೊಳಗೆ ಬನಹಟ್ಟಿ ಗೆಳೆಯನ ಕಂಪ್ಯೂಟರಿನಲ್ಲಿ ಇಳಿಸಿ ಇಟ್ಟುಕೊಂಡಿದ್ದೆ. ಬರ್ನ್ ಮಾಡಿದ ಡಿಸ್ಕಿನ ಬಣ್ಣದ ಪದರ ಬಿಸಿಲು, ಸೆಖೆಗೆ ಹಾಳಾಗುತ್ತೆ, ಕಂಪನಿ ಒತ್ತಿದ ಡಿಸ್ಕಿನಷ್ಟು ಬಾಳಿಕೆ ಬರೋದಿಲ್ಲ. ನಿಮ್ಮ ಮನೆಯಲ್ಲೂ ಇಂಥವು ಇದ್ದರೆ ಈ ವಾರವೇ ಕಾಪಿ ಮಾಡಿಕೊಳ್ಳಿ. ಡ್ರೈವ್ ಇರೋ ಕಂಪ್ಯೂಟರ್ ಸಿಗೋದೇ ಈಗ ಕಷ್ಟ, ಯುಎಸ್‌ಬಿಗೆ ಹಚ್ಚೋ ಡ್ರೈವು ಒಂದು ಸಾವಿರದ ಆಸುಪಾಸಿನಲ್ಲಿ ಸಿಗುತ್ತೆ. ನಮ್ಮದರ ಮೂರು ಕಾಪಿ ಇವೆ. ಒಂದು ಅಕ್ಕನ ಹತ್ತಿರ, ಒಂದು ನನ್ನ ಹತ್ತಿರ, ಒಂದು ಬೆಂಗಳೂರಿನಲ್ಲಿ ಕೆಲಸದಲ್ಲಿರೋ ಪುಟ್ಟಿಯ ಫೋನಿನಲ್ಲಿ. ಬೀಳಗಿಯ ಅಜ್ಜಿಗೆ ಈಗ ಕಣ್ಣು ಅಷ್ಟು ಕಾಣೋದಿಲ್ಲ. ಅವರಿಗೆ ಅದರಲ್ಲಿ ದನಿಯೊಂದನ್ನೇ ಬೇರೆ ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದೀನಿ.